ಓದದೆ ಹಾಕಿದ ಸಹಿ

ನಮ್ಮ ಬಾಗಲಕೋಟೆಯಲ್ಲಿ ನಾನು ರಾಯಭಾರಿ. ರಜೆಗೆ ಬಂದು ವಿದ್ಯಾಗಿರಿಯ ಅಕ್ಕನ ಮನೆಯಲ್ಲಿ ಇಳಿದ ಮರುದಿನದಿಂದಲೇ ಹಾಲಿನವನಿಂದ ಹಿಡಿದು ಎದುರು ಮನೆಯ ನಿವೃತ್ತ ಪ್ರಾಂಶುಪಾಲರವರೆಗೆ ಎಲ್ಲರೂ ಹಾಗೆಯೇ ಕರೆಯುತ್ತಾರೆ. ನಾನು ರಾಯಭಾರಿ ಅಲ್ಲ, ಆಗಿರಲೂ ಇಲ್ಲ, ಇನ್ನು ಆಗುವುದೂ ಇಲ್ಲ ಎಂದು ಮೂವತ್ತು ವರ್ಷ ಹೇಳಿ ಹೇಳಿ ಬಾಯಿ ಸೋತು ಈಗ ಸುಮ್ಮನಿದ್ದೇನೆ. ದಿಲ್ಲಿಯ ಮಂತ್ರಾಲಯದಲ್ಲಿ ಕೆಳಗಿನ ಕುರ್ಚಿಯಿಂದ ಶುರು ಮಾಡಿ, ಪರೀಕ್ಷೆ ಬರೆದು, ಮೇಲಿನವರು ನಿವೃತ್ತರಾಗುವುದನ್ನು ಕಾದು, ಕೊನೆಗೆ ರಾಯಭಾರ ಕಚೇರಿಯ ಎರಡನೆಯ ಕಾರ್ಯದರ್ಶಿ ಎಂಬಲ್ಲಿಗೆ ಬಂದು ನಿಂತವನು ನಾನು. ರಾಯಭಾರಿಗಳು ಕೈ ಕುಲುಕುತ್ತಾರೆ. ಅದಕ್ಕೆ ಮೊದಲು ಕುರ್ಚಿ ಎಣಿಸಿ, ಅದಾದ ಮೇಲೆ ವರದಿ ಬರೆಯುವುದು ನನ್ನಂಥವರ ಪಾಲು.

ಒಮ್ಮೆ ಮಾತ್ರ ನನ್ನ ಕೆಲಸ ಊರಿನ ಹತ್ತಿರಕ್ಕೇ ಬಂದಿತ್ತು. ಹೊರದೇಶದ ನಿಯೋಗವೊಂದನ್ನು ಬಾದಾಮಿಯ ಗುಹೆಗಳಿಗೆ ಕರೆದುಕೊಂಡು ಬಂದಿದ್ದೆ. ಮೆಟ್ಟಿಲು ಹತ್ತುವಾಗ ಒಂದು ಮಂಗ ನನ್ನ ಕೈಯಲ್ಲಿದ್ದ ಕಡತ ಕಸಿದುಕೊಂಡು ಬಂಡೆಯ ಮೇಲೆ ಕೂತು ಒಂದೊಂದೇ ಹಾಳೆ ತಿರುವಿ ಹರಿದುಹಾಕಿತು. ಅತಿಥಿಗಳು ಫೋಟೋ ತೆಗೆದರು. ಈ ಸುದ್ದಿ ಅಕ್ಕನಿಗೆ ಹೇಗೋ ಮುಟ್ಟಿತು. "ಇಷ್ಟ ವರ್ಷದಾಗ ನಿನ್ನ ಫೈಲ್ ಒಂದೊಂದ ಹಾಳಿ ತಿರುವಿ ನೋಡಿದಾಂವ ಅದೊಂದ ಮಂಗ್ಯಾ" ಎಂದಳು. ಅಕ್ಕ ಮೂವತ್ತೈದು ವರ್ಷ ಕನ್ಯಾಶಾಲೆಯಲ್ಲಿ ಕನ್ನಡ ಕಲಿಸಿದವಳು. ಅವಳ ನಾಲಿಗೆಗೆ ನಿವೃತ್ತಿ ಇಲ್ಲ.

ಎಂಟು ದೇಶಗಳಲ್ಲಿ ಸಾಮಾನು ಕಟ್ಟಿದ್ದೇನೆ, ಬಿಚ್ಚಿದ್ದೇನೆ. ಐದನೆಯ ವರ್ಗಾವಣೆಯ ಹೊತ್ತಿಗೆ ಹೆಂಡತಿ, ಇನ್ನು ನೀವೊಬ್ಬರೇ ಅಡ್ಡಾಡಿರಿ ಎಂದು ಮಗಳ ಶಾಲೆಯ ನೆವದಲ್ಲಿ ದಿಲ್ಲಿಯಲ್ಲೇ ಉಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ನನಗೂ ಸಾಕಾಗಿತ್ತು. ಬೆಳಿಗ್ಗೆ ಎದ್ದಾಗ ಇದು ಯಾವ ಊರು ಎಂದು ನೆನಪು ಮಾಡಿಕೊಳ್ಳಲು ಗಡಿಯಾರ ನೋಡಬೇಕಾಗುತ್ತಿತ್ತು. ಎಲ್ಲಿ ಹೋದರೂ ಕೆಲಸ ಒಂದೇ: ಯಾರೂ ಏನನ್ನೂ ಒಪ್ಪಿಕೊಳ್ಳದ ಹಾಗೆ, ಯಾರೂ ಏನನ್ನೂ ನಿರಾಕರಿಸದ ಹಾಗೆ ಬರೆಯುವುದು. ಆ ಚಟ ಮನೆಗೂ ಬಂದಿದೆ. "ಚಾ ಕುಡಿತಿಯೇನೋ ಅಂದ್ರ ನೋಡೋಣ ಅಂತಿ. ಚಾದಾಗ ನೋಡೂದೇನೈತಿ, ಒಂದ ಕುಡಿ ಇಲ್ಲಾ ಬಿಡು" ಎಂದು ಅಕ್ಕ ಬೈಯುತ್ತಾಳೆ.

ನನ್ನ ಕೊನೆಯ ಜಾಗ ಕೊಲ್ಲಿಯ ಒಂದು ದೇಶ. ಅಲ್ಲಿ ನನಗೆ ಬಂದದ್ದು ಸಾವಿನ ಕಡತ. ನಮ್ಮ ದೇಶದಿಂದ ದುಡಿಯಲು ಹೋದವರು ಅಲ್ಲಿ ಸತ್ತರೆ, ಅವರನ್ನು ಮನೆಗೆ ಮುಟ್ಟಿಸುವ ಕೆಲಸ. ಆಸ್ಪತ್ರೆಯದೊಂದು, ಪೊಲೀಸರದೊಂದು, ಕಂಪನಿಯದೊಂದು, ಮನೆಯವರ ಒಪ್ಪಿಗೆಯದೊಂದು ಎಂದು ಏಳೆಂಟು ಕಾಗದ ಕೂಡಬೇಕು. ಅವುಗಳಲ್ಲಿ ಕೊನೆಯದು ವಸ್ತುಗಳ ಪಟ್ಟಿ. ಸತ್ತವನ ಮೈಮೇಲೆ, ಜೇಬಿನಲ್ಲಿ, ಕೋಣೆಯಲ್ಲಿ ಸಿಕ್ಕಿದ್ದನ್ನೆಲ್ಲ ಶವಾಗಾರದ ಗುಮಾಸ್ತ ಮೂರು ಅಂಕಣ ಹಾಕಿ ಬರೆಯುತ್ತಾನೆ: ವಸ್ತು ಏನು, ಎಷ್ಟು, ಎಲ್ಲಿ ಸಿಕ್ಕಿತು. ಅದನ್ನು ಓದಿ ಕೆಳಗೆ 'ಪರಿಶೀಲಿಸಿದೆ' ಎಂದು ಸಹಿ ಹಾಕುವವನು ನಾನು. ಸಹಿ ಬಿದ್ದ ಮೇಲೆ ವಸ್ತುಗಳು ಲಕೋಟೆಗೆ ಹೋಗುತ್ತವೆ, ಅರಗಿನ ಮುದ್ರೆ ಬೀಳುತ್ತದೆ. ದೇಹ ವಿಮಾನದಲ್ಲಿ ನಾಲ್ಕು ದಿನಕ್ಕೆ ಊರು ಸೇರುತ್ತದೆ. ಲಕೋಟೆ ಕಚೇರಿಯಿಂದ ಕಚೇರಿಗೆ ಇಳಿಯುತ್ತ ತಿಂಗಳುಗಟ್ಟಲೆ ತಡವಾಗಿ ಮನೆ ಸೇರುತ್ತದೆ. ಯಾವುದಾದರೂ ವಸ್ತು ಮೈಮೇಲೆಯೇ ಇರಲಿ ಎಂದು ಮನೆಯವರು ಕೇಳಿದರೆ ಅದಕ್ಕೂ ದಾರಿ ಇದೆ. ನಾನು ಶವಾಗಾರಕ್ಕೆ ಒಂದು ಸಾಲಿನ ಪತ್ರ ಬರೆದರೆ ಸಾಕು, ಅದನ್ನು ತೆಗೆಯುವುದಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಊಟ ಮಾಡಿ ಮಲಗಿದ ಒಬ್ಬ ಎದ್ದಿರಲಿಲ್ಲ. ಹೃದಯ ನಿಂತಿತ್ತು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಹುನಗುಂದ ತಾಲೂಕು ಎಂದು ಕಂಡಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅಷ್ಟು ವರ್ಷದಲ್ಲಿ ನನ್ನ ಮೇಜಿಗೆ ನಮ್ಮ ಕಡೆಯ ಹೆಣ ಬಂದದ್ದು ಅದೇ ಮೊದಲು. ವಯಸ್ಸು ಮೂವತ್ತೊಂದು. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್ ಪಾಲಿಶ್ ಮಾಡುತ್ತಿದ್ದವನು ಹನ್ನೊಂದು ವರ್ಷದ ಹಿಂದೆ ಅಲ್ಲಿಗೆ ಬಂದು, ಎತ್ತರದ ಕಟ್ಟಡಗಳ ನೆಲಕ್ಕೆ ಕಲ್ಲು ಕೂರಿಸುತ್ತಿದ್ದ. ಮದುವೆ ಆಗಿರಲಿಲ್ಲ. ಊರಿನಲ್ಲಿ ತಾಯಿ ಒಬ್ಬಳೇ.

ಸಾಮಾನ್ಯವಾಗಿ ಫೋನು ಮಾಡುವುದು ನನ್ನ ಕೈಕೆಳಗಿನವರು. ಅವತ್ತು ನಾನೇ ಮಾಡಿದೆ. ನಮ್ಮ ಮಾತಿನಲ್ಲಿ ಹೇಳಿದರೆ ಆ ಹೆಣ್ಣುಮಗಳಿಗೆ ಸ್ವಲ್ಪ ಹಗುರಾದೀತು ಎಂದು ನಾನು ನಂಬಿದ್ದೆ. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಅತ್ತು ದನಿ ಕಟ್ಟಿತ್ತು.

"ನೀವು ನಮ್ಮ ಕಡ್ಯಾವ್ರೇನ್ರಿ?" ಎಂದು ಕೇಳಿದಳು.

"ಹೌದವ್ವಾ, ಬಾಗಲಕೋಟಿಯಾಂವ."

"ಹಂಗಾರ ನಿಮಗ ತಿಳೀತೈತಿ. ಒಂದ ಮಾತ ಕೇಳ್ತೇನಿ, ಮತ್ತೇನೂ ಕೇಳಂಗಿಲ್ಲ. ಅವನ ಕೊರಳಾಗಿನ ಲಿಂಗ ಹಂಗ ಇರಲಿ. ಯಾರಿಗೂ ತಗಿಯಾಕ ಬಿಡಬ್ಯಾಡ್ರಿ."

"ಆಗ್ಲವ್ವಾ. ಎಲ್ಲಾ ವ್ಯವಸ್ಥಾ ಆಗ್ತೈತಿ, ಕಾಳಜಿ ಮಾಡಬ್ಯಾಡ್ರಿ" ಎಂದೆ.

ಎಲ್ಲಾ ವ್ಯವಸ್ಥೆ ಆಗುತ್ತದೆ ಎನ್ನುವುದು ನಾನು ದಿನಕ್ಕೆ ಹತ್ತು ಸಲ ಹೇಳುವ ಮಾತು. ಅವತ್ತೂ ಅದು ನಾಲಿಗೆಯ ತುದಿಯಿಂದಲೇ ಬಂತು. ಅವಳು ಕೇಳಿದ್ದನ್ನು ನಾನು ಎಲ್ಲಿಯೂ ಬರೆದುಕೊಳ್ಳಲಿಲ್ಲ. ಫೋನು ಇಟ್ಟ ಮೇಲೆ, ನಮ್ಮ ಮಾತಿನಲ್ಲಿ ಸಮಾಧಾನ ಹೇಳಿದೆನಲ್ಲ ಎಂದು ನನಗೇ ಸಮಾಧಾನವಾಯಿತು. ಒಂದು ಲೋಟ ಚಹಾ ತರಿಸಿ ಕುಡಿದೆ.

ಮುಂದಿನ ಎರಡು ದಿನ ಒಂದು ಸೆರೆಮನೆಗೆ ಓಡಾಟ, ದಿಲ್ಲಿಯಿಂದ ಬಂದ ಮಂತ್ರಿಗಳ ಭೇಟಿಗೆ ಓಡಾಟ. ಮೂರನೆಯ ದಿನ ಸಂಜೆ ನನ್ನ ಮೇಜಿನ ಮೇಲೆ ಪಟ್ಟಿಗಳ ಅಟ್ಟಿ ಇತ್ತು. ಕಣ್ಣು ಉರಿಯುತ್ತಿತ್ತು. ಗುಮಾಸ್ತ ಒಂದೊಂದೇ ಹಾಳೆ ಸರಿಸಿದ, ನಾನು ಒಂದೊಂದೇ ಸಹಿ ಹಾಕಿದೆ. ಯಾವುದನ್ನೂ ಓದಲಿಲ್ಲ. ಇದನ್ನು ಅವತ್ತಿನ ದಣಿವಿಗೆ ಕಟ್ಟಿ ಪಾರಾಗಲು ಬರುವುದಿಲ್ಲ. ಖರೆ ಹೇಳಬೇಕೆಂದರೆ ಆ ಪಟ್ಟಿಗಳನ್ನು ಓದುವುದನ್ನು ನಾನು ಬಿಟ್ಟು ಒಂದು ವರ್ಷವೇ ಆಗಿತ್ತು. ಮೊದಮೊದಲು ಓದುತ್ತಿದ್ದೆ: ಬಾಚಣಿಕೆ ಒಂದು, ಚಪ್ಪಲಿ ಒಂದು ಜೊತೆ, ಮಗುವಿನ ಫೋಟೋ ಒಂದು. ಓದಿದ ದಿನ ಊಟ ಸೇರುತ್ತಿರಲಿಲ್ಲ. ಅದಕ್ಕೇ ಬಿಟ್ಟೆ. ಆಮೇಲೆ ಊಟ ಸೇರತೊಡಗಿತು.

ಎರಡು ತಿಂಗಳಾದ ಮೇಲೆ ಬಾಗಲಕೋಟೆಯ ಜಿಲ್ಲಾ ಕಚೇರಿಯ ಮೂಲಕ ಒಂದು ಪತ್ರ ಬಂತು. ಊರಿನ ಸಾಲಿ ಮಾಸ್ತರರ ಕೈಯಿಂದ ಆ ತಾಯಿ ಬರೆಸಿದ್ದು. ಅವಳು ಹೇಳಿದ ಹಾಗೆಯೇ ಮಾಸ್ತರರು ಬರೆದಿದ್ದರು, ತಿದ್ದಿರಲಿಲ್ಲ.

'ಮಗನ ಪೆಟ್ಟಿಗಿ ಬಂತು. ನಮ್ಮಾಗ ಕುಂದರಿಸಿ ಮಣ್ಣ ಕೊಡತೇವಿ, ಅಂವ ಸೆಟದಿದ್ದ, ಕುಂದರಿಸಾಕ ಬರಲಿಲ್ಲ. ಕುಣಿ ಉದ್ದಕ್ಕ ತಗಿಸಿದ್ವಿ. ಅದು ಹೋಗಲಿ. ಕೊರಳಾಗ ಲಿಂಗ ಇರಲಿಲ್ಲ. ಅಯ್ಯನವರು ನೋಡಿ ಸುಮ್ಮನಾದರು. ಬ್ಯಾರೆ ಲಿಂಗ ತರಿಸಿ ಕೈಯಾಗ ಇಟ್ಟು ಮಣ್ಣ ಕೊಟ್ವಿ. ಈಗ ಮಂದಿ ಅಂತಾರ, ಲಿಂಗದ ಬೆಳ್ಳಿ ಕರಡಗಿ ಮಾರಿ ಕುಡದಾನ, ಲಿಂಗ ಬಿಟ್ಟ ಎಷ್ಟ ವರ್ಷ ಆಗಿತ್ತೋ ಅಂತ. ನಾ ಮಠಕ್ಕ ಹೋಗೂದ ಬಿಟ್ಟೇನಿ. ಸಾಹೇಬರು ನಮ್ಮ ಕಡ್ಯಾವರು. ಅವನ ಕೊರಳಾಗ ಲಿಂಗ ಇತ್ತೋ ಇಲ್ಲೋ, ಅದೊಂದ ತಿಳಿಸಬೇಕು.'

ನಾನು ಎದ್ದು ಲಕೋಟೆಗಳನ್ನು ಇಡುವ ಕೋಣೆಗೆ ಹೋದೆ. ಇನ್ನೊಂದು ಇಲಾಖೆಯ ಮುದ್ರೆ ಬೀಳದೆ ಅವನ ಲಕೋಟೆ ಇನ್ನೂ ಅಲ್ಲೇ ಬಿದ್ದಿತ್ತು. ಮೇಲೆ ಅಂಟಿಸಿದ ಪಟ್ಟಿಯನ್ನು ಆಗ ಮೊದಲ ಸಲ ಓದಿದೆ. ನಾಲ್ಕನೆಯ ಸಾಲು: ಬೆಳ್ಳಿಯ ಬಣ್ಣದ ಡಬ್ಬಿ, ಮೊಟ್ಟೆಯ ಆಕಾರದ್ದು, ದಾರ ಸಮೇತ, ಒಂದು. ಎಲ್ಲಿ ಸಿಕ್ಕಿತು ಎಂಬ ಅಂಕಣದಲ್ಲಿ: ಕೊರಳು. ಕೆಳಗೆ ನನ್ನ ಸಹಿ. ಶವಾಗಾರದ ಗುಮಾಸ್ತ ಯಾವ ದೇಶದವನೋ ಏನೋ, ಅವನಿಗೆ ಅದು ಡಬ್ಬಿ. ಅವನ ತಪ್ಪೇನಿಲ್ಲ. ಓದಿದ್ದರೆ ನನಗೆ ಮಾತ್ರ ಅದು ಲಿಂಗದ ಕರಡಿಗೆ ಎಂದು ಗೊತ್ತಾಗುತ್ತಿತ್ತು. ಆ ಕಟ್ಟಡದಲ್ಲಿದ್ದ ಅಷ್ಟೂ ಜನರಲ್ಲಿ ನನಗೊಬ್ಬನಿಗೆ.

ಅವತ್ತೇ ಫೋನು ಮಾಡಿದ್ದರೆ ಆಗುತ್ತಿತ್ತು. ನಂಬರು ಇತ್ತು. ಎರಡು ಸಲ ಒತ್ತಿ, ಗಂಟೆ ಬಾರಿಸುವ ಮೊದಲೇ ಕಟ್ ಮಾಡಿದೆ. ಆಮೇಲೆ ಕೂತು ಉತ್ತರ ಬರೆದೆ: 'ಮೃತರ ದೇಹದೊಂದಿಗೆ ದೊರೆತ ಎಲ್ಲ ವಸ್ತುಗಳನ್ನು ನಿಯಮಾನುಸಾರ ಪಟ್ಟಿ ಮಾಡಲಾಗಿದ್ದು, ಸಕಾಲದಲ್ಲಿ ತಲುಪಿಸಲಾಗುವುದು. ತಮ್ಮ ದುಃಖದಲ್ಲಿ ನಾವೂ ಭಾಗಿಗಳು.' ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವಳು ಕೇಳಿದ್ದಕ್ಕೆ ಉತ್ತರವೂ ಇರಲಿಲ್ಲ. ಇತ್ತು ಎಂದು ಒಂದು ಪದ ಬರೆದರೆ, ಹಾಗಾದರೆ ತೆಗೆಯಲು ಯಾಕೆ ಬಿಟ್ಟಿರಿ ಎಂಬ ಪ್ರಶ್ನೆ ಬರುತ್ತದೆ, ಆಮೇಲೆ ವಿಚಾರಣೆ ಬರುತ್ತದೆ. ನನಗೆ ನಿವೃತ್ತಿ ಹತ್ತಿರವಿತ್ತು. ಹೆದರಿದೆ. ಇದನ್ನು ಬೇರೆ ರೀತಿ ಹೇಳಲು ನನಗೆ ಬರುತ್ತದೆ, ಆದರೆ ಹೇಳುವುದಿಲ್ಲ.

ಮತ್ತೆ ನಾಲ್ಕು ತಿಂಗಳು ಕಳೆದವು. ರಜೆ ಮಂಜೂರಾದಾಗ, ಲಕೋಟೆಯನ್ನು ನಾನೇ ಕೈಯಾರೆ ಮುಟ್ಟಿಸುತ್ತೇನೆ ಎಂದು ಅರ್ಜಿ ಕೊಟ್ಟು ಒಪ್ಪಿಗೆ ಪಡೆದೆ. ಮೇಲಿನವರು ಮೆಚ್ಚಿಕೊಂಡರು. ಬಹಳ ಮಾನವೀಯ ಎಂದರು. ನಾನು ತಲೆ ಬಗ್ಗಿಸಿ ಬಂದೆ.

ವಿದ್ಯಾಗಿರಿಗೆ ಬಂದು ಮೂರು ದಿನ ಲಕೋಟೆ ಸೂಟ್‌ಕೇಸಿನಲ್ಲೇ ಇತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ ಅಂಗಿ ಒಗೆಯಲು ತೆಗೆಯುವಾಗ ಕಂಡು, ಇದೇನು ಎಂದು ಕೇಳಿದಳು. ಎಲ್ಲವನ್ನೂ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ, ಅದರಿಂದಲೇ ನನಗೆ ಭಯವಾಯಿತು. ಹೇಳಿ ಮುಗಿದ ಮೇಲೆ ಎದ್ದು ದೇವರ ಜಗಲಿಯ ಹತ್ತಿರ ಹೋಗಿ ನಿಂತಳು. ಆ ಜಗಲಿಯ ಮೂಲೆಯಲ್ಲಿ ನನ್ನ ಕರಡಿಗೆಯೂ ಇದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಟೈ ಕಟ್ಟಿದಾಗ ಅಂಗಿಯ ಒಳಗೆ ಉಬ್ಬಿ ಕಾಣುತ್ತದೆ ಎಂದು ಬಿಚ್ಚಿದವನು ಮತ್ತೆ ಕಟ್ಟಿಕೊಳ್ಳಲಿಲ್ಲ. ಅವ್ವ ಇರುವ ತನಕ ಅದಕ್ಕೂ ನೀರು, ಪತ್ರಿ ಏರಿಸುತ್ತಿದ್ದಳು. ಈಗ ಅಕ್ಕ ಏರಿಸುತ್ತಾಳೆ.

"ಆ ಹುಡುಗನ್ನ ಊರು ಏನೇನ ಅನ್ನಾಕತ್ತೈತಿ, ಅದನ್ನ ಖರೇನ ಮಾಡಿದಾಂವ ನೀನು" ಎಂದಳು. ದನಿ ಏರಿಸಲಿಲ್ಲ. "ನಾಳೆ ಮುಂಜಾನೆ ಹೋಗೂದು. ನಾನೂ ಬರ್ತೇನಿ. ನೀ ಒಬ್ಬಾವ ಹೋದ್ರ ಅಲ್ಲೂ ಏನರ ವ್ಯವಸ್ಥಾ ಆಗ್ತೈತಿ ಅಂತ ಹೇಳಿ ಬರಾವ."

ಮರುದಿನ ಹುನಗುಂದದ ಬಸ್ಸು ಹಿಡಿದೆವು. ಅಮೀನಗಡದಲ್ಲಿ ಬಸ್ಸು ನಿಂತಾಗ ಅಭ್ಯಾಸಬಲದಿಂದ ಕರದಂಟು ತೆಗೆದುಕೊಳ್ಳಲು ಎದ್ದೆ. ಯಾರ ಮನೆಗೆ ಹೋದರೂ ಕೈಯಲ್ಲಿ ಏನಾದರೂ ಇರಬೇಕು, ಅದು ನಮ್ಮ ಕೆಲಸ ಕಲಿಸಿದ್ದು. ಅಕ್ಕ ಅಂಗಿ ಹಿಡಿದು ಕೂಡಿಸಿದಳು. "ಮಣ್ಣ ಕೊಟ್ಟ ಮನಿಗೆ ಯಾರರ ಕರದಂಟ ಒಯ್ತಾರೇನೋ? ಹೊರಗಿದ್ದ ಹೊರಗಿದ್ದ ಪೂರಾ ಹೊರಗಿನಾವ ಆಗೀದಿ ನೋಡು." ಕಿಟಕಿಯ ಕಡೆ ತಿರುಗಿದೆ. ಹೊರಗೆ ಎರೆಹೊಲದಲ್ಲಿ ಬಿಳಿಜೋಳ ಮೊಳಕಾಲೆತ್ತರ ನಿಂತಿತ್ತು. ಹುನಗುಂದದಲ್ಲಿ ಇಳಿದು ಇಳಕಲ್ಲಿನ ಬಸ್ಸು ಹತ್ತಿ, ಒಂದು ಕ್ರಾಸಿನಲ್ಲಿ ಇಳಿದು ಅರ್ಧ ತಾಸು ನಡೆದೆವು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಿದ್ದೆ, ಕೆಡಿಸುತ್ತಿದ್ದೆ.

ಆ ತಾಯಿ ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಇಳಕಲ್ಲಿನ ನೇಕಾರರೊಬ್ಬರಿಗೆ ಮಗ್ಗದ ನೂಲು ಸುತ್ತಿ ಕೊಡುವ ಕೆಲಸ. ಅರವತ್ತರ ಆಚೀಚೆ, ಸಣ್ಣ ಮೈ. ನಾನು ಯಾರೆಂದು ಹೇಳಿದ ಕೂಡಲೇ ರಾಟೆ ನಿಲ್ಲಿಸಿ ಎದ್ದು, ಕಂಬಳಿ ಹಾಸಿ, ತಂಬಿಗೆಯಲ್ಲಿ ನೀರು ತಂದಿಟ್ಟಳು. ಆಮೇಲೆ ಎದುರು ಕೂತು ಸೆರಗಿನಲ್ಲಿ ಕೈ ಒರೆಸಿಕೊಂಡು ಕಾದಳು.

ಲಕೋಟೆ ಒಡೆದು ಕರಡಿಗೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ನೋಡಲಿಲ್ಲ, ಮೊದಲು ದಾರವನ್ನು ಬೆರಳಿನಿಂದ ಸವರಿದಳು. "ಶಿವದಾರ ನಾನ ಹೊಸೆದಿದ್ದು. ಹ್ವಾದ ಸಲ ಬಂದಾಗ ಹಾಕಿ ಕಳಿಸಿದ್ದೆ" ಎಂದಳು. ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು.

"ಎಲ್ಲಿತ್ರಿ ಇದು?"

"ಅದು ಏನಾಗೇತಿ ಅಂದ್ರ ಅವ್ವಾರ, ಅಲ್ಲಿಯ ನಿಯಮದ ಪ್ರಕಾರ ಮೈಮೇಲಿನ ಸಾಮಾನುಗಳನ್ನ ಪ್ರತ್ಯೇಕವಾಗಿ..."

"ತಮ್ಮಾ" ಎಂದಳು ಅಕ್ಕ. ಅಷ್ಟೇ.

ನೀರು ಕುಡಿದೆ. "ಅವನ ಕೊರಳಾಗ ಇತ್ರಿ. ಸಾಯೂತನಾ ಇತ್ತು. ದವಾಖಾನ್ಯಾಗ ತಗದು ಪಟ್ಟಿ ಮಾಡಿದ್ರು. ನಾ ಪಟ್ಟಿ ಓದಲಿಲ್ಲ, ಸಹಿ ಹಾಕಿದೆ. ನೀವು ಕೇಳಿದ್ದು ಮರತಿದ್ದೆ. ಆಮ್ಯಾಲ ನಿಮ್ಮ ಪತ್ರ ಬಂದಾಗ ಎಲ್ಲಾ ಗೊತ್ತಾತು. ಗೊತ್ತಾದ ಮ್ಯಾಲೂ ಹೇಳಲಿಲ್ಲ. ನೌಕರಿಗೆ ಹೆದರಿದೆ. ತಪ್ಪ ನಂದು."

ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಎದ್ದು ಚಪ್ಪಲಿ ಮೆಟ್ಟಿದಳು.

"ನನ್ನ ಮುಂದ ಹೇಳಿದ್ರ ಆಗಂಗಿಲ್ರಿ. ನಡೀರಿ, ಕಟ್ಟಿಮ್ಯಾಲ ಹೇಳ್ರಿ."

ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಹಿರಿಯರು ಕೂತಿದ್ದರು. ಮಣ್ಣು ಮಾಡಿಸಿದ ಅಯ್ಯನವರನ್ನು ಅವಳೇ ಹೋಗಿ ಕರೆದುಕೊಂಡು ಬಂದಳು. ದೊಡ್ಡ ದೊಡ್ಡ ಸಭೆಗಳಿಗೆ ಬೇರೆಯವರು ಓದುವ ಭಾಷಣ ಬರೆದುಕೊಟ್ಟವನು ನಾನು. ಆ ಕಟ್ಟೆಯ ಮುಂದೆ ಚಪ್ಪಲಿ ಬಿಟ್ಟು ನಿಂತೆ. ಅವಳ ಪಡಸಾಲೆಯಲ್ಲಿ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದೆ. ಮೊದಲ ಸಲ ಹೇಳಿದ್ದಕ್ಕಿಂತ ಕೆಟ್ಟದಾಗಿ ಹೇಳಿದೆ. ನಡುವೆ ಎರಡು ಸಲ ತೊದಲಿದೆ.

ಮುದುಕರೊಬ್ಬರು ಎಲೆ ಅಡಿಕೆ ಉಗುಳಿ ಬಂದು ಕೂತರು. ಕೆಟ್ಟ ಮನುಷ್ಯರಲ್ಲ, ಆದರೆ ಸುಲಭಕ್ಕೆ ನಂಬುವವರೂ ಅಲ್ಲ. "ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಕೊರಳಾಗ ಇತ್ತು ಅಂತ ನಿಮಗ ಹೆಂಗ ಗೊತ್ತು? ಟ್ರಂಕಿನ್ಯಾಗ ಇಟ್ಟಿರಬೇಕು, ಮಂದಿ ಹಂಗ ಇಡ್ತಾರ. ತಾಯಿ ಮಾರಿ ನೋಡಿ ನೀವು ಹಿಂಗ ಹೇಳಾಕತ್ತಿರಬೇಕು."

ಲಕೋಟೆಯ ಮೇಲಿನ ಪಟ್ಟಿಯನ್ನು ಬಿಡಿಸಿ ಅವರ ಪಕ್ಕದಲ್ಲಿದ್ದ ಸಾಲಿ ಮಾಸ್ತರರಿಗೆ ಕೊಟ್ಟೆ. ಅವರು ನಾಲ್ಕನೆಯ ಸಾಲನ್ನು ಓದಿ, ಎಲ್ಲಿ ಸಿಕ್ಕಿತು ಎಂಬ ಜಾಗದಲ್ಲಿ ಕೊರಳು ಎಂದು ಬರೆದಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಮುದುಕರು ತಲೆ ಅಲ್ಲಾಡಿಸಿದರು. ಆದರೂ ಮುಖದಲ್ಲಿ ಅರೆಮನಸ್ಸು ಇತ್ತು. ಕಾಗದದ ಮೇಲೆ ಏನು ಬೇಕಾದರೂ ಬರೆಯುತ್ತಾರೆ ಎನ್ನುವುದು ಅವರಿಗೂ ಗೊತ್ತು, ನನಗೆ ಅವರಿಗಿಂತ ಚೆನ್ನಾಗಿ ಗೊತ್ತು.

ಆಗ ನಾನು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದೆ. ಹೀಗೆ ಮಾಡುತ್ತೇನೆ ಎಂದು ಮನೆಯಿಂದ ಹೊರಡುವಾಗ ನನಗೇ ಗೊತ್ತಿರಲಿಲ್ಲ. "ನಾನೂ ನಿಮ್ಮಾಂವನ. ನೋಡ್ರಿ, ನನ್ನ ಕೊರಳಾಗ ಲಿಂಗ ಇಲ್ಲ. ಟಾಯ್ ಕಟ್ಟಾಕ ತೊಡಕಾಗ್ತೈತಿ ಅಂತ ಬಿಚ್ಚಿ ಮೂವತ್ತು ವರ್ಷ ಆತು. ಅಂವ ಬಿಸಲಾಗ ಕಲ್ಲ ಹೊತ್ತ, ಹನ್ನೊಂದು ವರ್ಷ ಬಿಚ್ಚಲಿಲ್ಲ. ಲಿಂಗ ಬಿಟ್ಟಾಂವ ಅಂತ ಯಾರಿಗರ ಅನ್ನೂದಿದ್ರ ನನಗ ಅನ್ರಿ."

ಅಕ್ಕ ನೆಲ ನೋಡುತ್ತಿದ್ದಳು. ಅಯ್ಯನವರು ಆ ತಾಯಿಯ ಕೈಯಿಂದ ಕರಡಿಗೆ ತೆಗೆದುಕೊಂಡು, ತೆರೆದು ನೋಡಿ, ಮುಚ್ಚಿ, "ಇದು ನಮ್ಮ ಮಠದಾಗ ಕಟ್ಟಿದ್ದ ಲಿಂಗ. ನಮ್ಮ ತಂದಿಯವರ ಕಟ್ಟಿದ್ದು. ಬರ್ರಿ, ಅವಂದು ಅವನ ಹಂತ್ಯಾಕ ಇಟ್ಟು ಬರೂಣು" ಎಂದು ಎದ್ದರು. ಎಲೆ ಅಡಿಕೆಯ ಮುದುಕರು ಎಲ್ಲರಿಗಿಂತ ಮೊದಲು ಎದ್ದು ಗುದ್ದಲಿ ತರಲು ಮನೆಗೆ ಹೋದರು. ಅವರ ಬಾಯಿಂದ ತಪ್ಪಾಯಿತು ಎಂಬ ಮಾತು ಬರಲಿಲ್ಲ. ಗುದ್ದಲಿಯನ್ನು ಮಾತ್ರ ಬೇರೆ ಯಾರ ಕೈಗೂ ಕೊಡಲಿಲ್ಲ.

ಹೊಲದ ಬದುವಿನ ಪಕ್ಕದಲ್ಲಿ ಮಣ್ಣು ಕೊಟ್ಟಿದ್ದರು. ಆರು ತಿಂಗಳ ಮಣ್ಣು ಕುಸಿದು ನೆಲಕ್ಕೆ ಸಮವಾಗಿತ್ತು. ತಲೆಯ ಕಡೆ ಒಂದು ಮೊಳ ಆಳ ಅಗೆದರು. ಅಯ್ಯನವರು ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕರಡಿಗೆಯನ್ನು ಅದರೊಳಗೆ ಇಟ್ಟರು. ತಾಯಿ ಎರಡೂ ಕೈಯಲ್ಲಿ ಮಣ್ಣು ಎಳೆದು ಮುಚ್ಚಿದಳು. ಬಂದವರು ಒಬ್ಬೊಬ್ಬರೇ ಕೈಮುಗಿದು ಹೋದರು. ಒಬ್ಬ ಹೆಣ್ಣುಮಗಳು ಅವಳ ಹೆಗಲು ಮುಟ್ಟಿ, ಸೋಮವಾರ ಮಠಕ್ಕೆ ಬಾ ಎಂದು ಹೇಳಿ ಹೋದಳು. ಕಡೆಗೆ ನಾವು ಮೂವರೇ ಉಳಿದೆವು.

ನನ್ನ ಎದೆ ಹಗುರಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಅವನ ಹೆಸರು ಅವನಿಗೆ ಬಂತು, ಇನ್ನು ನಾನು ಮನೆಗೆ ಹೋಗಿ ಮಲಗಬಹುದು ಎನ್ನಿಸಿತ್ತು. ಅದೇ ಧೈರ್ಯದಲ್ಲಿ ಅವಳಿಗೆ ಕೈಮುಗಿದು, "ಅವ್ವಾರ, ತಡಾ ಆತು. ಆದ್ರೂ ಮಂದಿ ಬಾಯಿ ಮುಚ್ಚಿದಂಗಾತು. ನನ್ನ ಕ್ಷಮಾ ಮಾಡ್ರಿ" ಎಂದೆ.

ಅವಳು ಕೂತಲ್ಲಿಂದ ಏಳಲಿಲ್ಲ. ಕೈಯ ಮಣ್ಣು ಉದುರಿಸುತ್ತ, ನನ್ನ ಕಡೆ ನೋಡದೆ ಮಾತಾಡಿದಳು.

"ಮಂದಿದು ಬಿಡ್ರಿ ಸಾಹೇಬ್ರ. ಮಂದಿ ಇವತ್ತ ಅಂತಾರ, ನಾಳಿಗೆ ಮರೀತಾರ. ಆರು ತಿಂಗಳ ದಿನಾ ಸಂಜಿಕ ಇಲ್ಲಿ ಬಂದು ಕುಂತು ನಾನೂ ಅವಂಗ ಬೈದೇನ್ರಿ. ಕುಡುಕಾ ಅಂದೇನಿ. ಲಿಂಗ ಮಾರ್ಕೊಂಡ ಬಾಡ್ಯಾ ಅಂದೇನಿ. ನನ್ನ ಹೊಟ್ಟ್ಯಾಗ ಯಾಕರ ಹುಟ್ಟಿದಿ ಅಂತನೂ ಅಂದೇನಿ. ಹಡದಾಕಿ ನಾ, ನಾನೂ ನಂಬಿದೆ. ಈಗ ಕ್ಷಮಾ ನಾ ಯಾರನ್ನ ಕೇಳ್ಳಿ?"

ಅಕ್ಕ ಅವಳ ಪಕ್ಕದಲ್ಲಿ ಮಣ್ಣಿನ ಮೇಲೆಯೇ ಕೂತು ಅವಳ ಕೈ ಹಿಡಿದುಕೊಂಡಳು. ಮುಗಿದ ನನ್ನ ಕೈಗಳನ್ನು ನಾನು ಕೆಳಗೆ ಇಳಿಸಿದೆ.